ನಾಯಿ ತಳಿಗಳ ಆಟ ಆಡಿಸಿ ಕನ್ನಡ ಕಲಿಸಿದ ನನ್ನ ಅನುಭವ

ಬೆಂಗಳೂರಿಗೆ ಹೊರಗಿನಿಂದ ಬಂದವರಿಗೆ ನಾನು ಮಾತಾಡುವ ಕನ್ನಡ ಕಲಿಸುತ್ತೇನೆ. ಸಂಜೆ ಹೊತ್ತು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ದೊಡ್ಡವರು, ಮಕ್ಕಳು ಒಟ್ಟಿಗೇ ಕೂರುತ್ತಾರೆ. ಮನೆಮಾತು ಒಬ್ಬರದು ಹಿಂದಿ, ಒಬ್ಬರದು ಬಂಗಾಳಿ, ಇನ್ನೊಬ್ಬರದು ಮಲಯಾಳಂ. ಇವರಿಗೆ ನಾನು ಜಾಸ್ತಿ ಆಡಿಸುವುದು ನಾಯಿ ತಳಿಗಳ ಆಟ.

ಯಾಕೆ ನಾಯಿನೇ ಅಂತ ಕೇಳುತ್ತಾರೆ. ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್ ಅಂದರೆ ಯಾರಿಗೂ ಹೊಸದಲ್ಲ. ಹೆಸರು ಬಾಯಿಪಾಠ ಮಾಡುವ ಕೆಲಸ ತಪ್ಪುತ್ತದೆ, ಗಮನವೆಲ್ಲ ಆ ಹೆಸರಿನ ಹಿಂದೆ ಮುಂದೆ ಬರುವ ಕನ್ನಡದ ಮೇಲೆ ಇರುತ್ತದೆ. ಅಲ್ಲದೆ ಲಿಫ್ಟಿನಲ್ಲಿ, ಪಾರ್ಕಿನಲ್ಲಿ ದಿನಾ ಒಂದಲ್ಲ ಒಂದು ನಾಯಿ ಎದುರಾಗುತ್ತದೆ, ಕಲಿತದ್ದು ಅವತ್ತೇ ಉಪಯೋಗಕ್ಕೆ ಬರುತ್ತದೆ.

ಕಾರ್ಡುಗಳನ್ನು ನಾನೇ ಮಾಡಿಕೊಂಡೆ. ಒಂದು ಕಡೆ ಚಿತ್ರ, ಹಿಂದೆ ಕನ್ನಡ ಅಕ್ಷರದಲ್ಲಿ ಹೆಸರು. ಅರ್ಧ ವಿದೇಶಿ ತಳಿಗಳು, ಅರ್ಧ ನಮ್ಮವು: ಮುಧೋಳ, ರಾಜಪಾಳಯಂ, ಕೋಂಬೈ, ಚಿಪ್ಪಿಪಾರೈ, ಕನ್ನಿ, ರಾಂಪುರ್ ಹೌಂಡ್. ನಮ್ಮ ತಳಿಗಳ ಹೆಸರು ಹೆಚ್ಚಿನವರಿಗೆ ಹೊಸವು, ಅದಕ್ಕೇ ಅವುಗಳನ್ನು ನಿಧಾನಕ್ಕೆ ಸೇರಿಸುತ್ತೇನೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಿತ್ತು, ಅದರಲ್ಲಿ ಮುಧೋಳವೂ ಇದೆ. ಅದನ್ನು ತೋರಿಸಿದರೆ ಎಲ್ಲರಿಗೂ ಆಸಕ್ತಿ ಹುಟ್ಟುತ್ತದೆ. ಬೀದಿ ನಾಯಿಗೂ ಒಂದು ಕಾರ್ಡ್ ಉಂಟು. ಅದರ ಹಿಂದೆ 'ಕಂತ್ರಿ ನಾಯಿ' ಅಂತ ಬರೆಯಲು ಮನಸ್ಸಾಗಲಿಲ್ಲ, 'ನಾಡ ನಾಯಿ' ಅಂತ ಬರೆದೆ. ನಮ್ಮ ಬಿಸಿಲಿಗೂ ಮಳೆಗೂ ಹೊಂದಿಕೊಂಡು ಬಂದ ಪ್ರಾಣಿಯನ್ನು ಬೈಗುಳದ ಹೆಸರಿನಲ್ಲಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ಮುಖ್ಯ ಆಟ ಹೀಗೆ. ಒಬ್ಬರು ಕಾರ್ಡನ್ನು ಎದೆಗೆ ಒತ್ತಿ ಹಿಡಿಯುತ್ತಾರೆ, ಉಳಿದವರು ಪ್ರಶ್ನೆ ಕೇಳಿ ತಳಿ ಯಾವುದು ಅಂತ ಪತ್ತೆ ಹಚ್ಚಬೇಕು. ಸುಮ್ನೆ ತಲೆ ಅಲ್ಲಾಡಿಸುವ ಹಾಗಿಲ್ಲ, ಉತ್ತರ ಪೂರ್ತಿ ವಾಕ್ಯದಲ್ಲೇ ಬರಬೇಕು. "ಅದಕ್ಕೆ ಉದ್ದ ಕೂದಲು ಇದೆಯಾ?" "ಅದಕ್ಕೆ ಉದ್ದ ಕೂದಲು ಇಲ್ಲ." "ಅದು ಪಗ್ಗಾ?" "ಅದು ಪಗ್ ಅಲ್ಲ." ನಾನು ಕಲಿಸಬೇಕಾಗಿದ್ದು ಇದೇ. ಹಿಂದಿಯವರಿಗೆ ಎರಡು ಕಡೆಗೂ 'ನಹೀಂ' ಒಂದೇ, ಹಾಗಾಗಿ ಅವರು ಕನ್ನಡದಲ್ಲೂ ಎಲ್ಲದಕ್ಕೂ 'ಇಲ್ಲ' ಅಂತಲೇ ಹೇಳುತ್ತಾರೆ. ಬೋರ್ಡಿನ ಮೇಲೆ ನಿಯಮ ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ, ಬಾಯಿಗೆ ಮಾತ್ರ ಬರುವುದಿಲ್ಲ. ಆಟದಲ್ಲಿ 'ಇಲ್ಲ' ಬರಬೇಕಾದ ಕಡೆ 'ಅಲ್ಲ' ಬಂದರೆ, ಅಥವಾ ತಿರುಗುಮುರುಗಾದರೆ, ಕಾರ್ಡ್ ಪಕ್ಕದವರ ಕೈಗೆ ಹೋಗುತ್ತದೆ. ಅಷ್ಟೇ ಶಿಕ್ಷೆ, ಅಷ್ಟೇ ಸಾಕು.

ಒಂದು ಸಲ ಬಂಗಾಳಿ ಮಾತಾಡುವ ಹಿರಿಯರೊಬ್ಬರ ಕೈಯಲ್ಲಿ ಡ್ಯಾಶ್‌ಹಂಡ್ ಕಾರ್ಡ್ ಇತ್ತು. ಎತ್ತರ ಇದೆಯಾ ಅಂತ ಕೇಳಿದರು. "ಎತ್ತರ ಇಲ್ಲ, ಗಿಡ್ಡ ಇದೆ." ಕಾಲು? "ಕಾಲು ಮೋಟು." ಮೈ? ಎರಡೂ ಕೈ ಅಗಲಿಸಿ "ಮೈ ಉದ್ದ, ತುಂಬಾ ಉದ್ದ" ಅಂದರು, ಹಾಗೆ ಅನ್ನುವಾಗ ಕಾರ್ಡಿನ ಒಂದು ತುದಿ ಎಲ್ಲರಿಗೂ ಕಂಡಿತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹುಡುಗಿ "ಅದು ಮುಧೋಳನಾ?" ಅಂತ ಕೇಳಿದಳು. ಇಡೀ ಗುಂಪು ಒಂದೇ ಉಸಿರಿಗೆ "ಅಲ್ಲಾ!" ಅಂತ ಕೂಗಿತು. ಒಬ್ಬರ ಬಾಯಲ್ಲೂ 'ಇಲ್ಲ' ಬರಲಿಲ್ಲ. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಇದು ಪಳಗಿದ ಮೇಲೆ ಒಗಟಿನ ಆಟ. ಒಂದೇ ವಾಕ್ಯದಲ್ಲಿ ನಾಯಿಯನ್ನು ಹೇಳಬೇಕು, ವಾಕ್ಯ 'ನಾಯಿ' ಅಂತಲೇ ಮುಗಿಯಬೇಕು. ಕುರಿ ಕಾಯುವ ನಾಯಿ. ಮೂಸಿ ನೋಡದೆ ಕಣ್ಣಿನಿಂದಲೇ ಬೇಟೆ ಹುಡುಕುವ ನಾಯಿ, ಅಂದರೆ ಮುಧೋಳ. ನೀಲಿ ನಾಲಿಗೆ ಇರುವ ನಾಯಿ, ಚೌ ಚೌ. ಇಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬರುವುದು ಆಫ್ರಿಕಾದ ಬಸೆಂಜಿ. ಅದು ಬೇರೆ ನಾಯಿಗಳ ಹಾಗೆ ಬೊಗಳುವುದಿಲ್ಲ, ಹಾಗಾಗಿ ಅದು 'ಬೊಗಳದ ನಾಯಿ'. ಬೊಗಳದ, ಕಚ್ಚದ, ತಿನ್ನದ, ಬಾರದ ಅನ್ನುವ ಈ ರೂಪ ಕಲಿಯುವವರಿಗೆ ಬಹಳ ಕಷ್ಟ, ಆದರೆ ಬಸೆಂಜಿಯ ಜೊತೆ ಕಲಿತವರು ಮರೆಯುವುದಿಲ್ಲ. ಡಾಲ್ಮೇಶಿಯನ್ ಮರಿಗೆ ಹುಟ್ಟಿದಾಗ ಚುಕ್ಕೆ ಇರುವುದಿಲ್ಲ, ಆಮೇಲೆ ಮೂಡುತ್ತವೆ. ಮಕ್ಕಳು ಅದನ್ನು "ಹುಟ್ಟುವಾಗ ಚುಕ್ಕೆ ಇಲ್ಲದ ನಾಯಿ" ಅಂತ ಒಗಟು ಮಾಡಿ ದೊಡ್ಡವರನ್ನು ಸೋಲಿಸಿದ್ದಾರೆ.

'ಗಿಂತ' ಕಲಿಸಲು ಎರಡೆರಡು ಕಾರ್ಡ್ ಎಳೆಸುತ್ತೇನೆ. "ಪಗ್‌ಗಿಂತ ರಾಜಪಾಳಯಂ ಎತ್ತರ." ಅಲ್ಲಿಗೆ ಮುಗಿಯಿತು.

ಊರಿನ ಆಟಕ್ಕೆ ಭೂಪಟ ಬೇಕು. "ಇದು ಎಲ್ಲಿಯದು?" ಅಂತ ಕೇಳಿ ಕಾರ್ಡನ್ನು ಜಾಗದ ಮೇಲೆ ಇಡುವುದು. ಕೋಂಬೈ ತಮಿಳುನಾಡಿನ ತೇಣಿ ಜಿಲ್ಲೆಯದು, ಮುಧೋಳ ನಮ್ಮ ಬಾಗಲಕೋಟೆ ಜಿಲ್ಲೆಯದು. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿದ ಕತೆ, ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ನಡೆಸುವ ಶ್ವಾನ ಸಂಶೋಧನಾ ಕೇಂದ್ರದ ವಿಷಯ, ಎಲ್ಲ ಇಲ್ಲೇ ಬರುತ್ತದೆ. ಉಚ್ಚಾರಣೆಗೂ ಇದೇ ಸಮಯ. ಲಖನೌ, ಪಟ್ನಾ ಕಡೆಯವರಿಗೆ ಮುಧೋಳದ 'ಳ' ತಿರುಗುವುದಿಲ್ಲ, ಮಲಯಾಳಿಗಳಿಗೂ ಮರಾಠಿಗರಿಗೂ ಅದು ನೀರು ಕುಡಿದಷ್ಟು ಸುಲಭ. ಅವರನ್ನು ಇವರ ಪಕ್ಕ ಕೂರಿಸುತ್ತೇನೆ, ಅವರೇ ಹೇಳಿಕೊಡುತ್ತಾರೆ. ಕೋಂಬೈನ 'ಕೋ' ಉದ್ದವಾಗಿಯೇ ಇರಲಿ, 'ಕೊಂಬೈ' ಆಗಬಾರದು ಅಂತ ಅಷ್ಟೇ ಗಟ್ಟಿಯಾಗಿ ತಿದ್ದುತ್ತೇನೆ, ಯಾಕೆಂದರೆ 'ಕೊಡಿ' ಮತ್ತು 'ಕೋಡಿ' ಬೇರೆ ಬೇರೆ ಅಲ್ವಾ.

ನಾಯಿ ಕಂಡರೆ ಹೆದರುವವರೂ ಕ್ಲಾಸಿಗೆ ಬರುತ್ತಾರೆ. ಅವರನ್ನು ಬಲವಂತ ಮಾಡಬೇಡಿ. ಅವರಿಗೆ ಮೊದಲು "ಸ್ವಲ್ಪ ಹಿಡ್ಕೊಳ್ತೀರಾ?", "ಇದು ಕಚ್ಚುತ್ತಾ?" ಕಲಿಸುತ್ತೇನೆ. ನಾಯಿ ಇಷ್ಟಪಡುವವರಿಗೆ "ಇದು ಯಾವ ತಳಿ?", "ಮುಟ್ಟಬಹುದಾ?" ಪಾರ್ಕಿಗೆ ಹೋಗಿ ಒಬ್ಬರ ಹತ್ತಿರವಾದರೂ ಕೇಳಿ, ಉತ್ತರವನ್ನು ಮುಂದಿನ ಕ್ಲಾಸಿನಲ್ಲಿ ಹೇಳಬೇಕು. ಇದೊಂದೇ ಹೋಂವರ್ಕ್.

ಈಗ ದನದ ತಳಿಗಳ ಕಾರ್ಡ್ ಶುರು ಮಾಡಿದ್ದೇನೆ: ಹಳ್ಳಿಕಾರ್, ಅಮೃತ ಮಹಲ್, ದೇವಣಿ, ಮಲೆನಾಡು ಗಿಡ್ಡ. ಕೊನೆಯ ಕಾರ್ಡ್ ತೋರಿಸಿದಾಗ ಆ ಬಂಗಾಳಿ ಹಿರಿಯರು ಹಿಂದೆ ತಿರುಗಿಸಿ ನೋಡದೆ, "ಎತ್ತರ ಇಲ್ಲ, ಅದಕ್ಕೇ ಗಿಡ್ಡ" ಅಂದರು.