ನೀರಿನ ಸರ್ವೆ: ಗೂಟ ಕೀಳುವ ಮೊದಲೇ ಗ್ರಾಫ್ ಹಾಕಿ

ಕೊಳವೆಬಾವಿಗೆ ಜಾಗ ಗುರುತಿಸುವುದನ್ನು ಒಮ್ಮೆ ನಿಂತು ನೋಡುತ್ತಿದ್ದೆ. ಸರ್ವೆಯವರು ನಾಲ್ಕು ಲೋಹದ ಗೂಟ ಹೊಡೆದರು, ಮೀಟರ್ ಆನ್ ಮಾಡಿದರು, ಮೂರು ರೀಡಿಂಗ್ ಬರೆದುಕೊಂಡರು. ಆಮೇಲೆ ಕಾಲಿನಿಂದ ಮಣ್ಣಲ್ಲಿ ಒಂದು ಗೀಟು ಎಳೆದು, ‘ಇಲ್ಲಿ ಕೊರೆಯಿರಿ, 60 ಮೀಟರಿಗೆ ನೀರು’ ಅಂದರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಈ 60 ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿದೆ. ನಡುವಿನ ಬಿಂದುವಿನಿಂದ ಹೊರಗಿನ ಗೂಟಕ್ಕೆ 60 ಮೀಟರ್ ದೂರ ಇತ್ತು, ಅಷ್ಟೇ. ಗೂಟ ಎಷ್ಟು ದೂರವೋ ನೀರು ಅಷ್ಟೇ ಆಳ ಎಂದು ಅವರು ನಂಬಿಬಿಟ್ಟಿದ್ದರು.

ಈ ಸರ್ವೆಗೆ ರೆಸಿಸ್ಟಿವಿಟಿ ಸೌಂಡಿಂಗ್ ಎಂದು ಹೆಸರು, ಅಂದರೆ ನೆಲದ ವಿದ್ಯುತ್ ತಡೆ ಅಳೆದು ಒಳಗಿನ ಪದರಗಳನ್ನು ಅಂದಾಜು ಮಾಡುವುದು. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರ ಸುಮಾರಿಗೆ ನೆಲಕ್ಕೆ ಕರೆಂಟ್ ಬಿಟ್ಟು ಒಳಗಿನ ಬಂಡೆ ಅಳೆಯಲು ಹೊರಟರು. ಅವರಿಗೆ ಬೇಕಿದ್ದದ್ದು ಅದಿರು. ಅದೇ ಉಪಾಯವನ್ನು 1927ರಲ್ಲಿ ಪೆಶೆಲ್‌ಬ್ರಾನ್ ಎಂಬಲ್ಲಿ ತೈಲ ಬಾವಿಯೊಳಗೇ ಇಳಿಸಿ ನೋಡಿದರು. ಅದಿರಿಗೆ, ತೈಲಕ್ಕೆ ಕೆಲಸಕ್ಕೆ ಬಂದ ಆ ಉಪಾಯವೇ ಅಂತರ್ಜಲ ಹುಡುಕುವವರ ಕೈಗೂ ಬಂತು. ವಿಧಾನ ಗಟ್ಟಿಯೇ, ಕೆಡುವುದು ಮಾಡುವವರ ಅವಸರದಿಂದ.

ಒಂದು ಮಾತು ಮೊದಲೇ ತಿಳಿದಿರಲಿ. ಮೀಟರಿಗೆ ನೀರು ಕಾಣುವುದಿಲ್ಲ. ನೆಲ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಆ ತಡೆಯ ಅಳತೆ ಓಮ್-ಮೀಟರ್. ಬಿರುಕಿಲ್ಲದ ಗ್ರಾನೈಟ್ ಸಾವಿರ ಓಮ್-ಮೀಟರಿಗೂ ಜಾಸ್ತಿ ತೋರಿಸುತ್ತದೆ. ಹಸಿ ಜೇಡಿಮಣ್ಣು ಹತ್ತು ಇಪ್ಪತ್ತಕ್ಕೆ ಇಳಿಯುತ್ತದೆ. ನೀರು ತುಂಬಿದ ಮರಳು, ನೀರು ಕುಡಿದು ಶಿಥಿಲವಾದ ಬಂಡೆ, ಆ ಗ್ರಾನೈಟಿಗೂ ಜೇಡಿಗೂ ನಡುವೆ ಎಲ್ಲೋ ಬರುತ್ತವೆ. ಮರಳಿನಲ್ಲಿರುವ ನೀರು ಉಪ್ಪಾಗಿದ್ದರೆ ಅದೂ ಜೇಡಿಯಂತೆಯೇ ಕಾಣುತ್ತದೆ.

ಹಂತ 1: ಮೀಟರ್ ಮುಟ್ಟುವ ಮೊದಲು

ಭೂವಿಜ್ಞಾನ ನಕ್ಷೆ ನೋಡಿ, ಸುತ್ತಲಿನ ಬಾವಿಗಳ ಆಳ ಕೇಳಿ, ಬರೆದಿಟ್ಟುಕೊಳ್ಳಿ. ಕೊರೆದಾಗ ಏನೇನು ಸಿಕ್ಕಿತ್ತು ಎಂದು ಗೊತ್ತಿರುವ ಬಾವಿ ಹತ್ತಿರ ಇದ್ದರೆ ಮೊದಲ ಸೌಂಡಿಂಗ್ ಅದರ ಪಕ್ಕದಲ್ಲೇ ಮಾಡಿ.

ಹಂತ 2: ಸಾಲು ಎಲ್ಲಿ ಹಾಕಬೇಕು

ತಂತಿಬೇಲಿ, ಹೂತಿಟ್ಟ ಕಬ್ಬಿಣದ ಪೈಪು, ವಿದ್ಯುತ್ ಲೈನು, ಇವುಗಳಿಂದ ದೂರ ಇರಿ. ಬೇಲಿಗೆ ಸಮಾನಾಂತರವಾಗಿ ಸಾಲು ಹಾಕಿದರೆ ಕರೆಂಟ್ ನೆಲ ಬಿಟ್ಟು ಬೇಲಿಯಲ್ಲೇ ಆರಾಮವಾಗಿ ಹೋಗುತ್ತದೆ. ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಬೇಡ, ಅಡ್ಡಡ್ಡ ಹಾಕಿ. ಎರಡೂ ಕಡೆಗೆ ನೂರು ನೂರು ಮೀಟರ್ ನೇರ ಜಾಗ ಸಿಗದಿದ್ದರೆ ಬೇರೆ ಜಾಗ ಹುಡುಕಿ. ಸಾಲನ್ನು ಸೊಟ್ಟ ಮಾಡಿ ಸುಮ್ನೆ ಅಡ್ಜಸ್ಟ್ ಮಾಡಬೇಡಿ.

ಹಂತ 3: ಗೂಟ, ನೀರು, ವೈರು

ಒಂದೇ ಸಾಲಿನಲ್ಲಿ ನಾಲ್ಕು ಗೂಟ. ಹೊರಗಿನ ಎರಡರಿಂದ ಕರೆಂಟ್ ಹೋಗುತ್ತದೆ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತೇವೆ. ನೆಲ ಒಣಗಿದ್ದರೆ ಹೊರಗಿನ ಗೂಟದ ಬುಡಕ್ಕೆ ಸ್ವಲ್ಪ ಉಪ್ಪುನೀರು ಸುರಿಯಿರಿ. ಬುಡಕ್ಕೆ ಮಾತ್ರ. ಸೌಂಡಿಂಗ್ ಶುರುವಿನಲ್ಲಿ ಗೂಟಗಳೆಲ್ಲ ಒತ್ತೊತ್ತಾಗಿರುತ್ತವೆ. ಆಗ ಬಕೆಟ್ ಗಟ್ಟಲೆ ಸುರಿದರೆ ನೀವು ಸುರಿದ ನೀರನ್ನೇ ನೀವು ಅಳೆಯುತ್ತೀರಿ! ಗೂಟವನ್ನು ತೀರಾ ಆಳಕ್ಕೂ ಹೊಡೆಯಬೇಡಿ, ದೂರ ಕಡಿಮೆ ಇರುವಾಗ ಅದೂ ಲೆಕ್ಕ ಕೆಡಿಸುತ್ತದೆ.

ಹೊದಿಕೆ ಸುಲಿದ ವೈರಿಗೆ ಟೇಪ್ ಸುತ್ತಿ ದಿನ ದೂಡುವವರನ್ನು ಕಂಡಿದ್ದೇನೆ. ಒದ್ದೆ ಹುಲ್ಲಿನ ಮೇಲೆ ಆ ವೈರು ದಾರಿಯಲ್ಲೇ ಸೋರುತ್ತದೆ. ವೈರು ಹಳೆಯದಾದರೆ ಎಸೆದುಬಿಡಿ. ಇನ್ನೊಂದು, ಹೊರಗಿನ ಗೂಟಗಳಿಗೆ ಹೋಗುವುದು ನೂರಾರು ವೋಲ್ಟ್. ಗೂಟದ ಹತ್ತಿರ ಇರುವವರು ‘ಗೂಟ ಬಿಟ್ಟೆ’ ಎಂದು ಕೂಗಿ ಹೇಳದೆ ಸ್ವಿಚ್ ಒತ್ತಬೇಡಿ. ಗುಡುಗಿನ ಸದ್ದು ಕೇಳಿದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿ.

ಮೀಟರ್ ವಿಷಯದಲ್ಲಿ ನನ್ನದು ಒಂದೇ ಹಟ. ಕರೆಂಟ್ ಎಷ್ಟು, ವೋಲ್ಟೇಜ್ ಎಷ್ಟು ಎಂದು ಬೇರೆ ಬೇರೆ ತೋರಿಸಬೇಕು. ಹಸಿರು ದೀಪ ಹತ್ತಿಸಿ ‘ನೀರು 85 ಮೀಟರ್’ ಎಂದು ನೇರವಾಗಿ ಹೇಳುವ ಪೆಟ್ಟಿಗೆಗಳು ಬರುತ್ತವಲ್ಲ, ಅದನ್ನು ಕೊಳ್ಳುವ ಬದಲು ಕವಲುಕಡ್ಡಿ ಹಿಡಿದು ಓಡಾಡಿ. ಫಲ ಒಂದೇ, ಕಡ್ಡಿಗೆ ಬ್ಯಾಟರಿ ಬೇಕಾಗಿಲ್ಲ.

ಹಂತ 4: ರೀಡಿಂಗ್ ಮತ್ತು ಗ್ರಾಫ್

ಹೆಚ್ಚಿನವರು ಕೆಡಿಸುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಡುವಿನ ಬಿಂದು ಕದಲಬಾರದು. ಒಳಗಿನ ಗೂಟಗಳನ್ನು 1 ಮೀಟರ್ ಅಂತರದಲ್ಲಿ ಇಟ್ಟುಕೊಂಡು, ಹೊರಗಿನವನ್ನು ಮಾತ್ರ ಎರಡೂ ಕಡೆಗೆ ಸಮನಾಗಿ ಸರಿಸುತ್ತಾ ಹೋಗಬೇಕು. ಅವು ದೂರವಾದಷ್ಟೂ ಕರೆಂಟ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ನಡುವಿನಿಂದ ಹೊರಗಿನ ಗೂಟಕ್ಕೆ ಇರುವ ದೂರವನ್ನು ಅರ್ಧದೂರ ಎನ್ನೋಣ. ನಾನು 2.5, 3, 4, 6, 8, 10, 15, 20, 30, 40, 60, 80, 100 ಹೀಗೆ ಹೋಗುತ್ತೇನೆ. ಒಳಗಿನ ಅಂತರ ಹೊರಗಿನ ಗೂಟಗಳ ನಡುವಿನ ಒಟ್ಟು ದೂರದ ಐದನೇ ಒಂದು ಭಾಗ ಮೀರಬಾರದು.

ಕರೆಂಟ್ ಬಿಡುವ ಮೊದಲೇ ಒಳಗಿನ ಗೂಟಗಳ ನಡುವೆ ಕೆಲವು ಮಿಲಿವೋಲ್ಟ್ ಇರುತ್ತದೆ. ಅದು ನೆಲದ್ದೇ ಆದ ವೋಲ್ಟೇಜ್. ಅದನ್ನು ಕಳೆಯದೆ ಬರೆದರೆ ಲೆಕ್ಕ ಹಾಳು. ಕರೆಂಟನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಬಿಟ್ಟು ಸರಾಸರಿ ತೆಗೆದುಕೊಳ್ಳಿ.

ಈಗ ಲೆಕ್ಕ. ಅರ್ಧದೂರ 10 ಮೀಟರ್, ಒಳಗಿನ ಅಂತರ 1 ಮೀಟರ್ ಎಂದುಕೊಳ್ಳಿ. 10ರ ವರ್ಗ 100. ಒಳಗಿನ ಅಂತರದ ಅರ್ಧ 0.5, ಅದರ ವರ್ಗ 0.25. ಕಳೆದರೆ 99.75. ಅದನ್ನು 3.1416ರಿಂದ ಗುಣಿಸಿ, ಒಳಗಿನ ಅಂತರದಿಂದ ಭಾಗಿಸಿ. ಸುಮಾರು 313 ಬರುತ್ತದೆ. ಮೀಟರ್ 100 ಮಿಲಿಆಂಪಿಯರಿಗೆ 40 ಮಿಲಿವೋಲ್ಟ್ ತೋರಿಸಿದರೆ, 40ನ್ನು 100ರಿಂದ ಭಾಗಿಸಿ 313ರಿಂದ ಗುಣಿಸಿ. 125 ಓಮ್-ಮೀಟರ್.

ಗೂಟ ದೂರ ಹೋದಂತೆ ವೋಲ್ಟೇಜ್ ತೀರಾ ಸಣ್ಣದಾಗುತ್ತದೆ. ಆಗ ಒಳಗಿನ ಗೂಟಗಳನ್ನೂ ಅಗಲ ಮಾಡಬೇಕು. ಇಲ್ಲಿ ಒಂದು ಕಳ್ಳದಾರಿ ಇದೆ. ಅಗಲ ಮಾಡಿದವರು ಸೀದಾ ಮುಂದಿನ ದೂರಕ್ಕೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಅದೇ 10 ಮೀಟರ್ ಅರ್ಧದೂರದಲ್ಲಿ, ಒಳಗಿನ ಅಂತರ 4 ಮೀಟರ್ ಮಾಡಿ ಇನ್ನೊಮ್ಮೆ ಓದಿ. ಈಗ 313ರ ಜಾಗಕ್ಕೆ ಬರುವ ಗುಣಕ 75.4. ಅದೇ 100 ಮಿಲಿಆಂಪಿಯರಿಗೆ 165 ಮಿಲಿವೋಲ್ಟ್ ಬಂದರೆ 124 ಓಮ್-ಮೀಟರ್. 125, 124, ಎರಡೂ ಹತ್ತಿರ ಹತ್ತಿರ, ಬಹಳ ಚೆನ್ನಾಗಿದೆ. ಅದರ ಬದಲು 190 ಓಮ್-ಮೀಟರ್ ಬಂದರೆ? ಒಳಗಿನ ಗೂಟ ಕಲ್ಲಿನ ಮೇಲೆ ಕೂತಿದೆಯೋ ಸಡಿಲವಾಗಿದೆಯೋ ನೋಡಿ, ಬೇರೆ ಜಾಗಕ್ಕೆ ಸ್ವಲ್ಪ ಸರಿಸಿ. ಅಲ್ಪಸ್ವಲ್ಪ ವ್ಯತ್ಯಾಸ ಉಳಿದೇ ಉಳಿಯುತ್ತದೆ, ಅದನ್ನು ಆಮೇಲೆ ಸರಿಹೊಂದಿಸಬಹುದು.

ಪ್ರತಿ ರೀಡಿಂಗ್ ಬಂದ ತಕ್ಷಣ ಲಾಗ್-ಲಾಗ್ ಹಾಳೆಯ (1ರಿಂದ 10ಕ್ಕೆ, 10ರಿಂದ 100ಕ್ಕೆ ಒಂದೇ ಅಂತರ ಇರುವ ಗ್ರಾಫ್ ಹಾಳೆ) ಮೇಲೆ ಚುಕ್ಕಿ ಇಡಿ. ಅಡ್ಡಕ್ಕೆ ಅರ್ಧದೂರ, ಉದ್ದಕ್ಕೆ ಓಮ್-ಮೀಟರ್. ‘ಆಫೀಸಿಗೆ ಹೋಗಿ ಕಂಪ್ಯೂಟರಲ್ಲಿ ಹಾಕ್ತೀವಿ’ ಅನ್ನುವವರಿಗೆ ನಾನು ಹೇಳುವುದಿಷ್ಟೇ: ಆಫೀಸಿನಲ್ಲಿ ಗೂಟ ಇರುವುದಿಲ್ಲ. ಚುಕ್ಕಿಗಳು ನಯವಾದ ಗೆರೆಯಂತೆ ಸಾಗಬೇಕು. ಒಂದು ಚುಕ್ಕಿ ಗುಂಪು ಬಿಟ್ಟು ಹಾರಿದರೆ ಅಲ್ಲೇ ಮತ್ತೆ ಓದಬೇಕು.

ಇನ್ನೂ ಒಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ನೆಲದೊಳಗಿನ ಪದರಗಳು ಮಟ್ಟಸವಾಗಿದ್ದರೆ ಗೆರೆ 45 ಡಿಗ್ರಿಗಿಂತ ಕಡಿದಾಗಿ ಏರಲು ಸಾಧ್ಯವೇ ಇಲ್ಲ. ಅಂದರೆ ದೂರ ಎರಡು ಪಟ್ಟಾದರೆ ಓಮ್-ಮೀಟರ್ ಹೆಚ್ಚೆಂದರೆ ಎರಡು ಪಟ್ಟಾಗಬಹುದು. 40 ಮೀಟರಿಗೆ 50 ಇದ್ದದ್ದು 80 ಮೀಟರಿಗೆ 130 ಆಗಿದೆಯಾ? 100 ದಾಟುವಂತಿಲ್ಲವಲ್ಲ. ವೈರು ಸೋರುತ್ತಿದೆ, ಇಲ್ಲವೇ ದೂರ ತಪ್ಪಾಗಿ ಅಳೆದಿದ್ದೀರಿ, ಅದೂ ಅಲ್ಲದಿದ್ದರೆ ಪಕ್ಕದಲ್ಲೇ ಬಂಡೆ ಬದಲಾಗಿದೆ. ನಾನಾದರೆ ಮೊದಲು ಅಳತೆ ಟೇಪನ್ನು ನೋಡುತ್ತೇನೆ. ಒಂದು ಕಡೆ 80, ಇನ್ನೊಂದು ಕಡೆ 60 ಮೀಟರಿನಲ್ಲಿ ಗೂಟ ಹೊಡೆದು ನಿಂತವರನ್ನು ಒಂದಕ್ಕಿಂತ ಜಾಸ್ತಿ ಸಲ ಕಂಡಿದ್ದೇನೆ.

ಹಂತ 5: ಗೆರೆಯನ್ನು ಓದುವುದು

ಗಟ್ಟಿ ಬಂಡೆಯ ಪ್ರದೇಶದಲ್ಲಿ ಗೆರೆ ಹೆಚ್ಚಾಗಿ ಇಳಿದು ಮತ್ತೆ ಏರುತ್ತದೆ. ಮೇಲೆ ಒಣಮಣ್ಣು, ನಡುವೆ ಶಿಥಿಲವಾದ ಪದರ, ಕೆಳಗೆ ಗಟ್ಟಿಬಂಡೆ. ನಡುವಿನ ತಗ್ಗೇ ನಮಗೆ ಬೇಕಾದದ್ದು. ಆದರೆ ತಗ್ಗು ಕಂಡ ಅರ್ಧದೂರವೇ ಆಳ ಅಲ್ಲ. 100 ಮೀಟರ್ ಅರ್ಧದೂರ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ ಆಳದ ಕಥೆಯನ್ನೇ ಹೇಳುತ್ತದೆ. ಎಷ್ಟು ಎಂಬುದು ಪದರಗಳ ಮೇಲೆ ನಿಂತಿದೆ.

ಸಾಫ್ಟ್‌ವೇರ್ ಪದರಗಳ ದಪ್ಪ ಬಿಡಿಸಿ ಕೊಡುತ್ತದೆ, ನಿಜ. ಆದರೆ ನಡುವಿನ ಪದರ ತೆಳ್ಳಗಿದ್ದಾಗ 40 ಓಮ್-ಮೀಟರಿನ 10 ಮೀಟರ್ ದಪ್ಪಕ್ಕೂ 20 ಓಮ್-ಮೀಟರಿನ 5 ಮೀಟರ್ ದಪ್ಪಕ್ಕೂ ಹೆಚ್ಚುಕಡಿಮೆ ಒಂದೇ ಗೆರೆ ಬರುತ್ತದೆ. ಮೊದಲನೆಯದು ನೀರಿರುವ ಪದರ, ಎರಡನೆಯದು ಬರೀ ಜೇಡಿ ಇರಬಹುದು. ಯಾವುದು ಸರಿ ಎಂದು ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ಮೊದಲ ಹಂತದಲ್ಲಿ ಬಾವಿ ಪಕ್ಕ ಮಾಡಿದ ಸೌಂಡಿಂಗ್ ಇದಕ್ಕೇ ಬೇಕಾಗುವುದು. ಅಲ್ಲಿ ಜೇಡಿ ಎಷ್ಟು ತೋರಿಸಿತು, ನೀರಿನ ಪದರ ಎಷ್ಟು ತೋರಿಸಿತು ಎಂದು ನೋಡಿ, ಆ ಅಂಕಿಯನ್ನು ಇಲ್ಲಿ ಕೂರಿಸಿ. ಇನ್ನು ಗಟ್ಟಿಬಂಡೆಯ ಆಳದಲ್ಲಿರುವ ಸಣ್ಣ ಬಿರುಕು ಈ ಸರ್ವೆಗೆ ಕಾಣುವುದೇ ಕಷ್ಟ. ‘120 ಮೀಟರಿನಲ್ಲಿ ಬಿರುಕಿದೆ’ ಎಂದು ಇದೊಂದನ್ನೇ ನೋಡಿ ಹೇಳುವವರನ್ನು ನಂಬಬೇಡಿ.

ಹಂತ 6: ಕೊರೆಯುವ ದಿನ

ನೀವೂ ಅಲ್ಲಿರಿ. ಮೂರು ಮೀಟರಿಗೊಮ್ಮೆ ಮೇಲೆ ಬರುವ ಪುಡಿಯನ್ನು ಒಂದು ಹಿಡಿ ತೆಗೆದು, ತೊಳೆದು, ಸಾಲಾಗಿ ಇಡಿ. ಆಮೇಲೆ ಬೇರೆ ಬೇರೆ ಚೀಲಕ್ಕೆ ತುಂಬಿ, ಆಳವನ್ನು ಪೆನ್ಸಿಲಿನಲ್ಲಿ ಚೀಟಿಗೆ ಬರೆದು ಒಳಗೆ ಹಾಕಿ. ಚೀಲದ ಹೊರಗೆ ಪೆನ್ನಿನಲ್ಲಿ ಬರೆದದ್ದು ಒದ್ದೆ ಕೈಗೆ ಅಳಿಸಿಹೋಗುತ್ತದೆ. ಗ್ರಾಫ್ ಹಾಳೆಯನ್ನು ಆ ಚೀಲಗಳ ಜೊತೆಗೇ ಇಡಿ.