ಫುಟ್‌ಪಾತ್‌ಗೆ ಒಂದು ಗೇಣು ಬಿಟ್ಟು ಕಾರು ನಿಲ್ಲಿಸುವುದು ಹೇಗೆ?

ನಮ್ಮ ಭಾವ ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದವರು. ಪುಣೆಗೆ ಬಂದಾಗ ಡೆಕ್ಕನ್ ಜಿಮ್‌ಖಾನಾದ ಗಲ್ಲಿಯೊಂದರಲ್ಲಿ ನಾಲ್ಕು ಸಲ ಹಿಂದೆ ಮುಂದೆ ಮಾಡಿ ನಿಲ್ಲಿಸಿದರು. ಇಳಿದು ನೋಡಿದರೆ ಫುಟ್‌ಪಾತ್‌ಗೂ ಟೈರಿಗೂ ನಡುವೆ ಒಂದು ಸ್ಕೂಟರ್ ನಿಲ್ಲುವಷ್ಟು ಜಾಗ. ನಾವು ದೋಸೆ ತಿಂದು ಬರುವಷ್ಟರಲ್ಲಿ ಯಾರೋ ನಿಲ್ಲಿಸಿಯೂ ಬಿಟ್ಟಿದ್ದರು!

ಸ್ಟೀರಿಂಗ್ ಬಲಕ್ಕೆ, ಫುಟ್‌ಪಾತ್ ಎಡಕ್ಕೆ. ಸೀಟಿನಲ್ಲಿ ಕೂತು ಕತ್ತು ಎಷ್ಟು ಚಾಚಿದರೂ ಟೈರಿನ ಪಕ್ಕದ ಅಂಚು ಕಾಣುವುದಿಲ್ಲ. ಅದಕ್ಕೇ ಮೊದಲು ಎಡಗನ್ನಡಿಯನ್ನು ಕೆಳಗೆ ಬಾಗಿಸಿ. ಹಿಂದಿನ ಬಾಗಿಲಿನ ಹಿಡಿ, ಹಿಂದಿನ ಚಕ್ರ, ಪಕ್ಕದ ನೆಲ ಮೂರೂ ಕಾಣಬೇಕು.

ಖಾಲಿ ಜಾಗದ ಮುಂದೆ ನಿಂತಿರುವ ಕಾರಿನ ಪಕ್ಕ ಎರಡೂವರೆ ಅಡಿ ಬಿಟ್ಟು, ಹಿಂಭಾಗಗಳು ಸಮವಾಗುವಂತೆ ನಿಲ್ಲಿ. ರಿವರ್ಸ್ ಹಾಕಿ, ಸ್ಟೀರಿಂಗ್ ಪೂರ್ತಿ ಎಡಕ್ಕೆ. ಕಾರು ಸುಮಾರು 45 ಡಿಗ್ರಿ ವಾರೆಯಾದಾಗ ಸ್ಟೀರಿಂಗ್ ನೇರ ಮಾಡಿ.

ಎಲ್ಲರೂ ಎಡವುವುದು ಇಲ್ಲೇ. ಫುಟ್‌ಪಾತ್‌ಗೆ ತಾಗೀತು ಅಂತ ಹೆದರಿ ಬೇಗ ಬಲಕ್ಕೆ ತಿರುಗಿಸಿಬಿಡುತ್ತಾರೆ, ಕಾರು ರಸ್ತೆಯಲ್ಲೇ ಉಳಿಯುತ್ತದೆ. ಸುಮ್ನೆ ಕಾಯಿರಿ. ಬಸವನಹುಳುವಿನ ಹಾಗೆ ಹಿಂದೆ ಬರುತ್ತಾ ಕನ್ನಡಿಯನ್ನೇ ನೋಡುತ್ತಿದ್ದರೆ ಫುಟ್‌ಪಾತ್‌ನ ಅಂಚು ನಿಧಾನವಾಗಿ ಕಾರಿನ ಕಡೆ ಸರಿದು ಬರುತ್ತದೆ. ಅದು ಬಾಗಿಲಿನ ಹಿಡಿಯನ್ನು ಮುಟ್ಟಿದಂತೆ ಕಂಡಾಗ ಬಲಕ್ಕೆ ತಿರುಗಿಸಲು ಶುರು ಮಾಡಿ, ಪೂರ್ತಿ ತಿರುಗಿಸಿ. ಎಡಗನ್ನಡಿ ಉಬ್ಬುಗನ್ನಡಿ, ಎಲ್ಲವನ್ನೂ ಇರುವುದಕ್ಕಿಂತ ದೂರ ತೋರಿಸುತ್ತದೆ. ಹಾಗಾಗಿ ‘ಇನ್ನೂ ಜಾಗ ಇದೆಯಲ್ಲ’ ಅನ್ನಿಸಿದರೆ ನಂಬಬೇಡಿ, ಹಿಡಿಯನ್ನೇ ನಂಬಿ. ನಾನು ನಂಬದೆ ಹೊಸ ಅಲಾಯ್ ಚಕ್ರಕ್ಕೆ ಉದ್ದಕ್ಕೆ ಗೀರು ಹಾಕಿಸಿಕೊಂಡಿದ್ದೇನೆ.

ನಿಲ್ಲಿಸಿದ ಮೇಲೆ ಇಳಿದು ಗೇಣು ಹಾಕಿ ನೋಡಿ. ಒಂದು ಗೇಣು ಅಂದರೆ ಸುಮಾರು 9 ಇಂಚು, ಅಷ್ಟಿದ್ದರೆ ಚೊಕ್ಕ. ಮೊಳ ಆಯಿತೋ, ಜಾಸ್ತಿಯಾಯಿತು. ಹತ್ತಿರ ಬಂದಿದ್ದರೆ ಮುಂದಿನ ಸಲ ಸ್ವಲ್ಪ ಬೇಗ ತಿರುಗಿಸಿ, ದೂರ ಉಳಿದಿದ್ದರೆ ಸ್ವಲ್ಪ ತಡವಾಗಿ. ಒಂದೊಂದು ಕಾರಿನ ಹಿಡಿ ಒಂದೊಂದು ಎತ್ತರದಲ್ಲಿರುವುದರಿಂದ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಮಾಡಿ ನೋಡಲೇಬೇಕು. ಗೇಣು ಸರಿ ಬಂದಾಗ ಸೀಟಿಗೆ ವಾಪಸ್ ಕೂತು, ಮುಂದೆ ಕಾಣುವ ಫುಟ್‌ಪಾತ್‌ನ ಅಂಚು ಬಾನೆಟ್‌ನ ಯಾವ ಜಾಗದಲ್ಲಿ ಬಂದು ಸೇರುತ್ತದೆ ನೋಡಿಕೊಳ್ಳಿ, ಅಲ್ಲಿಗೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಚೂರು ಟೇಪ್ ಅಂಟಿಸಿ. ನನ್ನ ಕಾರಿನಲ್ಲಿ ಅದು ಹೆಚ್ಚೂಕಡಿಮೆ ನಡುವೆ.

ಕನ್ನಡಿಗೆ ಅಂಟಿಸುವ ಆ ಪುಟ್ಟ ದುಂಡು ಕನ್ನಡಿ ಈ ಕೆಲಸಕ್ಕೆ ಬೇಡವೇ ಬೇಡ, ಅದು ಇನ್ನೂ ಜಾಸ್ತಿ ಉಬ್ಬು. ರಿವರ್ಸ್ ಸೆನ್ಸರ್ ಕೂಡ ತಗ್ಗಾದ ಫುಟ್‌ಪಾತ್ ಅಂಚನ್ನು ಕಾಣದೆ ತೆಪ್ಪಗಿರಬಹುದು. ಟೈರು ತಾಗಿದರೆ ಒತ್ತಿ ಏರಿಸಬೇಡಿ, ಟೈರಿನ ಪಕ್ಕೆ ಸೀಳಬಹುದು. ಮುಂದೆ ಬಂದು ಮತ್ತೆ ಶುರು ಮಾಡಿ.

ಇಷ್ಟೆಲ್ಲ ಮಾಡುವ ಮೊದಲು ತಾರೀಖು ನೋಡಿಕೊಳ್ಳಿ, ಅಲ್ವಾ? ಪುಣೆಯ ಹಲವು ರಸ್ತೆಗಳಲ್ಲಿ ತಾರೀಖಿನ ಪ್ರಕಾರ ಒಂದೊಂದು ಬದಿ ಪಾರ್ಕಿಂಗ್: ಪಿ1 ಬೋರ್ಡ್ ಇರುವ ಬದಿ ಬೆಸ ತಾರೀಖಿಗೆ, ಪಿ2 ಇರುವ ಬದಿ ಸಮ ತಾರೀಖಿಗೆ. ಒನ್‌ವೇಯಲ್ಲಿ ಬಲಬದಿಯ ಸರದಿ ಬಂದರೆ ಪುಣ್ಯ, ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರಾಯಿತು. ಹೊರಡುವಾಗ ಎಡಗನ್ನಡಿಯನ್ನು ಮೊದಲಿನ ಹಾಗೆ ಎತ್ತಿ. ಭಾವ ಅದನ್ನು ಮರೆತು ಸ್ವಾರ್‌ಗೇಟ್‌ವರೆಗೂ ನೆಲ ನೋಡಿಕೊಂಡೇ ಓಡಿಸಿದ್ದರು.