ಮೆನುವಿನಿಂದ ತೆರೆದರೆ ಕನ್ನಡ ಮೂಡದಿರುವುದೇಕೆ: ಡೆಸ್ಕ್‌ಟಾಪ್ ಸೆಷನ್‌ನ ಎನ್ವಿರಾನ್‌ಮೆಂಟ್ ಮತ್ತು ಸರ್ವೀಸ್‌ಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ವ್ಯಾಪಾರದ ಕಚೇರಿಗಳಿಗೆ ಡೆಬಿಯನ್ ಲಿನಕ್ಸ್ ಹಾಕಿಕೊಡುವಾಗ ಎರಡು ತೊಂದರೆ ಪದೇ ಪದೇ ಎದುರಾಗುತ್ತವೆ. ಟರ್ಮಿನಲ್‌ನಿಂದ ತೆರೆದ ಲಿಬ್ರೆಆಫೀಸ್‌ನಲ್ಲಿ ಕನ್ನಡ ಮೂಡುತ್ತದೆ, ಮೆನುವಿನಿಂದ ತೆರೆದರೆ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ದಿನ ಬ್ಯಾಕಪ್ ತಪ್ಪಿಹೋಗಿರುತ್ತದೆ. ಎರಡರಲ್ಲೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಈ ಪ್ರೋಗ್ರಾಮನ್ನು ಶುರು ಮಾಡಿದ್ದು ಯಾರು?

ಕನ್ನಡವನ್ನು ಯಾವುದರ ಮೂಲಕ ಮೂಡಿಸಬೇಕು ಎಂಬಂಥದ್ದನ್ನು ಪ್ರೋಗ್ರಾಮಿಗೆ ಹೇಳುವುದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದರೆ ಹೆಸರು ಮತ್ತು ಬೆಲೆಯ ಜೋಡಿಗಳು. ಅವು ಬಳುವಳಿಯ ಹಾಗೆ, ಹುಟ್ಟಿಸಿದ ಪ್ರೋಸೆಸ್‌ನಿಂದ (ಓಡುತ್ತಿರುವ ಪ್ರೋಗ್ರಾಮಿನಿಂದ) ಮಾತ್ರ ಬರುತ್ತವೆ. ಅವನ್ನು ಬರೆದಿಡುವ .ಬ್ಯಾಶ್‌ಆರ್‌ಸಿ ಫೈಲನ್ನು ಓದುವುದು ಟರ್ಮಿನಲ್‌ನ ಶೆಲ್, ಅಂದರೆ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಮು. ಮೆನುವಿನ ಐಕಾನ್ ಒತ್ತಿದಾಗ ಆ ಶೆಲ್ ನಡುವೆ ಬರುವುದೇ ಇಲ್ಲ. ಹಿನ್ನೆಲೆಯ ಸರ್ವೀಸ್‌ಗಳನ್ನು ನಡೆಸುವ ಸಿಸ್ಟಂಡಿಯ ಯೂಸರ್ ಮ್ಯಾನೇಜರ್ .ಬ್ಯಾಶ್‌ಆರ್‌ಸಿಯನ್ನೂ ಓದದು, .ಪ್ರೊಫೈಲನ್ನೂ ಓದದು.

ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ 3.34ನೇ ಆವೃತ್ತಿಯಿಂದ, ಅಂದರೆ 2019ರಿಂದ, ಇಡೀ ಸೆಷನ್ ಯೂಸರ್ ಮ್ಯಾನೇಜರ್ ಕೈಕೆಳಗೇ ನಡೆಯುತ್ತದೆ. ಹಾಗಾಗಿ ಅಲ್ಲಿ ನಾನು ವೇರಿಯಬಲ್‌ಗಳನ್ನು ಇಡುವುದು ಹೋಂ ಫೋಲ್ಡರಿನ .ಕಾನ್ಫಿಗ್/ಎನ್ವಿರಾನ್‌ಮೆಂಟ್.ಡಿ ಒಳಗೆ, ಹೆಸರು .ಕಾನ್ಫ್ ಎಂದು ಮುಗಿಯುವ ಫೈಲಿನಲ್ಲಿ. ಒಂದು ಸಾಲಿಗೆ ಒಂದು ವೇರಿಯಬಲ್. ಎಕ್ಸ್‌ಪೋರ್ಟ್ ಎಂದು ಬರೆಯಬಾರದು, ಡಾಲರ್ ಆವರಣದಲ್ಲಿ ಕಮಾಂಡ್ ಓಡಿಸುವುದೂ ಅಲ್ಲಿ ನಡೆಯದು, ಏಕೆಂದರೆ ಅದನ್ನು ಓದುವುದು ಶೆಲ್ ಅಲ್ಲ. ಒಂದಕ್ಕಿಂತ ಹೆಚ್ಚು ಫೈಲಿದ್ದರೆ ಹೆಸರಿನ ಅಕಾರಾದಿಯಲ್ಲಿ ಓದುತ್ತದೆ, ಕೊನೆಯದು ಗೆಲ್ಲುತ್ತದೆ. ಹೆಸರಿನ ಮುಂದೆ 10, 50 ಎಂದು ಅಂಕಿ ಹಾಕುವುದು ಅದಕ್ಕೇ.

ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಬೇರೆ. ಅಲ್ಲಿ ಸೆಷನ್ನನ್ನು ಹೊರಡಿಸುವುದು ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ, ಆದ್ದರಿಂದ ಮೆನುವಿನ ಪ್ರೋಗ್ರಾಮುಗಳಿಗೆ ಎನ್ವಿರಾನ್‌ಮೆಂಟ್.ಡಿ ತಲುಪುವುದಿಲ್ಲ. ಡೆಬಿಯನ್‌ನಲ್ಲಿ ಇದಕ್ಕೆ .ಎಕ್ಸ್‌ಸೆಷನ್‌ಆರ್‌ಸಿ ಫೈಲು ಇದೆ. ಇದನ್ನು ಓದುವುದು ಶೆಲ್, ಹಾಗಾಗಿ ಇಲ್ಲಿ ಎಕ್ಸ್‌ಪೋರ್ಟ್ ಬೇಕೇ ಬೇಕು. ಕನ್ನಡ ಟೈಪ್ ಮಾಡಿಸುವ ಐಬಸ್‌ಗೆ ಮೂರು ಸಾಲು ಸಾಕು: ಜಿಟಿಕೆ_ಐಎಂ_ಮಾಡ್ಯೂಲ್ ಮತ್ತು ಕ್ಯೂಟಿ_ಐಎಂ_ಮಾಡ್ಯೂಲ್ ಎರಡಕ್ಕೂ ಬೆಲೆ 'ಐಬಸ್', ಎಕ್ಸ್‌ಮಾಡಿಫೈಯರ್ಸ್‌ಗೆ '@ಐಎಂ=ಐಬಸ್'. ಗ್ನೋಮ್‌ನಲ್ಲಿ ಇವನ್ನು ಕೈಯಿಂದ ಹಾಕಲು ಹೋಗಬೇಡಿ, ಅದು ಐಬಸ್ಸನ್ನು ತಾನೇ ನೋಡಿಕೊಳ್ಳುತ್ತದೆ.

ಬದಲಾವಣೆ ಮುಟ್ಟಿತೋ ಇಲ್ಲವೋ ಎಂದು ಊಹಿಸಬಾರದು, ನೋಡಬೇಕು. 'ಪಿಗ್ರೆಪ್ ಎಸ್‌ಆಫೀಸ್' ಕೊಟ್ಟರೆ ಲಿಬ್ರೆಆಫೀಸ್‌ನ ಪ್ರೋಸೆಸ್ ಸಂಖ್ಯೆ ಸಿಗುತ್ತದೆ. /ಪ್ರಾಕ್ ಒಳಗೆ ಆ ಸಂಖ್ಯೆಯ ಫೋಲ್ಡರಿನಲ್ಲಿ ಎನ್ವಿರಾನ್ ಎಂಬ ಫೈಲಿದೆ. ಸಾಲುಗಳ ನಡುವೆ ಶೂನ್ಯ ಅಕ್ಷರ ಇರುವುದರಿಂದ ಎಲ್ಲ ಅಂಟಿಕೊಂಡು ಕಾಣುತ್ತದೆ, 'ಟಿಆರ್' ಕಮಾಂಡಿನಿಂದ ಅದನ್ನು ಹೊಸ ಸಾಲಾಗಿ ಬದಲಿಸಿ ಓದಿ. ಹುಟ್ಟುವಾಗ ಆ ಪ್ರೋಗ್ರಾಮಿಗೆ ಏನು ಸಿಕ್ಕಿತ್ತೋ ಅದೇ ಅಲ್ಲಿರುತ್ತದೆ. ಯೂಸರ್ ಮ್ಯಾನೇಜರ್ ಬಳಿ ಏನಿದೆ ಎಂದು ತಿಳಿಯಲು 'ಸಿಸ್ಟಂಸಿಟಿಎಲ್ --ಯೂಸರ್ ಶೋ-ಎನ್ವಿರಾನ್‌ಮೆಂಟ್'. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸರಪಳಿ ಎಲ್ಲಿ ಕಡಿದಿದೆ ಎಂಬುದು ತಿಳಿದೇ ತಿಳಿಯುತ್ತದೆ. ಆಗಲೇ ಓಡುತ್ತಿರುವ ಸರ್ವೀಸ್‌ಗೆ ಹೊಸ ಬೆಲೆ ತಾನಾಗಿ ತಲುಪುವುದಿಲ್ಲ, ರೀಸ್ಟಾರ್ಟ್ ಮಾಡಬೇಕು.

ಇನ್ನು ಸರ್ವೀಸ್. ಟಾರ್ಗೆಟ್ ಎಂದರೆ ಸರ್ವೀಸ್ ಯಾವ ಹಂತದಲ್ಲಿ ಏಳಬೇಕೆಂಬ ಗುರುತು. ಪರದೆ ಬೇಕಾದ ಪ್ರೋಗ್ರಾಮನ್ನು ಡೀಫಾಲ್ಟ್.ಟಾರ್ಗೆಟ್‌ಗೆ ಕಟ್ಟಿದರೆ ಡೆಸ್ಕ್‌ಟಾಪ್ ಏಳುವ ಮೊದಲೇ ಓಡಿ, ಡಿಸ್‌ಪ್ಲೇ ಸಿಗದೆ ಸಾಯುತ್ತದೆ. ಮತ್ತೆ ಮತ್ತೆ ಎಬ್ಬಿಸಲು ಹೇಳಿದ್ದರೆ 10 ಸೆಕೆಂಡಿನಲ್ಲಿ 5 ಸಲ ಪ್ರಯತ್ನಿಸಿ ಸಿಸ್ಟಂಡಿ ಕೈಬಿಡುತ್ತದೆ. ಹಾಗಾಗಿ ಸರ್ವೀಸ್ ಫೈಲಿನ ಪಾರ್ಟ್‌ಆಫ್, ಆಫ್ಟರ್, ವಾಂಟೆಡ್‌ಬೈ ಮೂರಕ್ಕೂ ಗ್ರಾಫಿಕಲ್-ಸೆಷನ್.ಟಾರ್ಗೆಟ್ ಎಂದೇ ಬರೆಯುತ್ತೇನೆ, ಮತ್ತೆ ಎಬ್ಬಿಸುವ ಮುನ್ನ 5 ಸೆಕೆಂಡು ಕಾಯಲು ರೀಸ್ಟಾರ್ಟ್‌ಸೆಕ್ 5 ಇಡುತ್ತೇನೆ. ನಿಮ್ಮ ಡೆಸ್ಕ್‌ಟಾಪ್ ಆ ಟಾರ್ಗೆಟ್ಟನ್ನು ಎಬ್ಬಿಸುತ್ತದೆಯೇ ಎಂದು 'ಸಿಸ್ಟಂಸಿಟಿಎಲ್ --ಯೂಸರ್ ಈಸ್-ಆಕ್ಟಿವ್' ಕೊಟ್ಟು ಮೊದಲೇ ನೋಡಿಕೊಳ್ಳಿ. ಎಬ್ಬಿಸದಿದ್ದರೆ .ಕಾನ್ಫಿಗ್/ಆಟೋಸ್ಟಾರ್ಟ್‌ನಲ್ಲಿ ಡೆಸ್ಕ್‌ಟಾಪ್ ಫೈಲು ಇಡುವುದೇ ನೇರ ದಾರಿ.

ಐಬಸ್-ಡೀಮನ್ ಅನ್ನು ಸರ್ವೀಸಾಗಿ ಬರೆಯುವವರು ಅಂತರ್ಜಾಲದಲ್ಲಿ ಸಿಗುವ '-ಡಿಆರ್‌ಎಕ್ಸ್' ಆಯ್ಕೆಯನ್ನು ಹಾಗೇ ಹಾಕುತ್ತಾರೆ. ಐಕಾನ್ ಬಂದು ಮಾಯವಾಗುತ್ತದೆ. ಅದರಲ್ಲಿರುವ 'ಡಿ' ಪ್ರೋಗ್ರಾಮನ್ನು ಹಿನ್ನೆಲೆಗೆ ಸರಿಸುತ್ತದೆ, ಮೂಲ ಪ್ರೋಸೆಸ್ ಮುಗಿಯುತ್ತದೆ. ಸರ್ವೀಸ್‌ನ ಟೈಪ್ ಸಿಂಪಲ್ ಇದ್ದಾಗ, ಅಂದರೆ ಮೂಲ ಪ್ರೋಸೆಸ್ಸೇ ಸರ್ವೀಸ್ ಎಂದಿರುವಾಗ, ಸಿಸ್ಟಂಡಿ ಕೆಲಸ ಆಯಿತೆಂದು ತಿಳಿದು ಉಳಿದ ಪ್ರೋಸೆಸ್‌ಗಳನ್ನೂ ಕೊಲ್ಲುತ್ತದೆ. ಯಶಸ್ವಿಯಾಗಿ ಮುಗಿದಂತೆ ಕಾಣುವುದರಿಂದ ಸೋತಾಗ ಎಬ್ಬಿಸುವ 'ಆನ್-ಫೇಲ್ಯೂರ್' ಕೂಡ ಅದನ್ನು ಎಬ್ಬಿಸುವುದಿಲ್ಲ. ಆ 'ಡಿ' ತೆಗೆದರೆ ಸಾಕು.

ಬ್ಯಾಕಪ್ಪಿಗೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಬಿಟ್ಟು ಸಿಸ್ಟಂಡಿಯ ಟೈಮರ್ ಬಳಸುವುದು ಕರೆಂಟಿನ ಕಾರಣಕ್ಕೇ. ಆನ್‌ಕ್ಯಾಲೆಂಡರ್‌ನಲ್ಲಿ ಸಂಜೆ 18:00 ಎಂದು ಬರೆದು ಪರ್ಸಿಸ್ಟೆಂಟ್=ಟ್ರೂ ಸೇರಿಸಿದರೆ, ತಪ್ಪಿದ ಸರದಿ ಮುಂದಿನ ಲಾಗಿನ್ ಆದೊಡನೆ ಓಡುತ್ತದೆ. ಕಂಪ್ಯೂಟರ್ ಶುರುವಾದಲ್ಲಿಂದ ಎಣಿಸುವ ಆನ್‌ಬೂಟ್‌ಸೆಕ್ ಬಗೆಯ ಟೈಮರ್‌ಗಳಿಗೆ ಈ ಅನುಕೂಲ ಇಲ್ಲ. ನೆಟ್ ಬಂದಿದೆಯೆಂದು ಹೇಳುವ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್ ಸಿಸ್ಟಂ ಬದಿಯದು, ಯೂಸರ್ ಸರ್ವೀಸ್‌ನಿಂದ ಅದಕ್ಕೆ ಕಾಯಲಾಗದು. ಇಲ್ಲಿನ ಘಟ್ಟದ ಊರುಗಳಲ್ಲಿ ಮಳೆ ಜೋರಾದಾಗ ನೆಟ್ ನಿಲ್ಲುವುದು ಸಾಮಾನ್ಯವಾದ್ದರಿಂದ ದಿನದ ಬ್ಯಾಕಪ್ಪನ್ನು ಪೆನ್‌ಡ್ರೈವಿಗೇ ಮಾಡಿಸುತ್ತೇನೆ.

ಅಲ್ಲೂ ಒಂದು ಅಪಾಯವಿದೆ. ಪೆನ್‌ಡ್ರೈವ್ ಮೌಂಟ್ ಆಗಿರದಿದ್ದರೂ (ಫೋಲ್ಡರಿಗೆ ಜೋಡಣೆಯಾಗಿರದಿದ್ದರೂ) ಅದೇ ಹೆಸರಿನ ಖಾಲಿ ಫೋಲ್ಡರ್ ಉಳಿದಿದ್ದರೆ ಪ್ರತಿ ಮಾಡುವ ಆರ್‌ಸಿಂಕ್ ಅದರೊಳಗೇ ಸುರಿಯುತ್ತದೆ: ಬ್ಯಾಕಪ್ ಆಯಿತೆಂದು ಲಾಗ್ ಹೇಳುತ್ತದೆ, ಪ್ರತಿ ಮಾತ್ರ ಅದೇ ಹಾರ್ಡ್‌ಡಿಸ್ಕಿನಲ್ಲಿ ಇರುತ್ತದೆ. ಅದಕ್ಕೇ ಬ್ಯಾಕಪ್ಪಿಗೆ ಮುಂಚೆ ಓಡುವ ಎಕ್ಸೆಕ್‌ಸ್ಟಾರ್ಟ್‌ಪ್ರೀ ಸಾಲಿನಲ್ಲಿ 'ಮೌಂಟ್‌ಪಾಯಿಂಟ್ -ಕ್ಯೂ' ಮತ್ತು ಡ್ರೈವಿನ ಪೂರ್ಣ ದಾರಿ ಬರೆಯುತ್ತೇನೆ. ಕಂಡೀಷನ್ ಸಾಲಿನಿಂದಲೂ ಇದನ್ನು ತಡೆಯಬಹುದು, ಆದರೆ ಆಗ ಸರ್ವೀಸ್ ಓಡದೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನನಗೆ ಬೇಕಾದ್ದು ಅದು ಸೋತಿತೆಂದು 'ಸಿಸ್ಟಂಸಿಟಿಎಲ್ --ಯೂಸರ್ --ಫೇಲ್ಡ್' ಪಟ್ಟಿಯಲ್ಲಿ ಕೆಂಪಾಗಿ ಕಾಣುವುದು. ಲಾಗಿನ್ ಆದ ಕೂಡಲೇ ಡ್ರೈವ್ ಮೌಂಟ್ ಆಗಿರುವುದಿಲ್ಲ, ಆದ್ದರಿಂದ ಮೌಂಟ್‌ಪಾಯಿಂಟ್ ಸಾಲಿನ ಮೇಲೆ ಇನ್ನೊಂದು ಎಕ್ಸೆಕ್‌ಸ್ಟಾರ್ಟ್‌ಪ್ರೀ ಸಾಲಿನಲ್ಲಿ 60 ಸೆಕೆಂಡು ಸ್ಲೀಪ್ (ಕಾಯುವ ಕಮಾಂಡು) ಇಡಿ.